ಐಸಣ್ಣ ಸೂಜಿ ಹಾಕಿಸಿಕೊಳ್ಳದ ಕಾರಣ

ಅವನನ್ನು ಎಲ್ಲರೂ ಐಸಣ್ಣ ಎನ್ನುತ್ತಿದ್ದರು. ಐಸ್ ಕ್ರೀಮ್ ಮಾರುವವನಲ್ಲ. ಲಸಿಕೆಯ ನೀಲಿ ಪೆಟ್ಟಿಗೆಯನ್ನು ಬೈಕಿನ ಹಿಂದೆ ಬಿಗಿದುಕೊಂಡು ಐದು ಆರೋಗ್ಯ ಕೇಂದ್ರಗಳಿಗೆ ಮುಟ್ಟಿಸುವುದು ಅವನ ಕೆಲಸ. ಹನ್ನೊಂದು ವರ್ಷ ಅದನ್ನೇ ಮಾಡಿದ. ಮಕ್ಕಳ ಲಸಿಕೆ, ಬಸುರಿಯರ ಧನುರ್ವಾಯು ಸೂಜಿ, ಕೊನೆಗೆ ಕೊರೊನಾದ್ದು, ಎಲ್ಲವೂ ಅವನ ಬೆನ್ನ ಹಿಂದೆ ಕೂತೇ ಬಂದವು. ಅವನು ಸತ್ತದ್ದು ಕೊರೊನಾದಿಂದ. ಸಾಯುವಾಗ ಅವನ ತೋಳಿಗೆ ಕೊರೊನಾ ಲಸಿಕೆಯ ಒಂದು ಸೂಜಿಯೂ ತಾಗಿರಲಿಲ್ಲ.

ಯಾಕೆ ಎಂದು ಜನ ಬಾಯಿಗೆ ಬಂದಂತೆ ಆಡಿಕೊಂಡರು. ಸರಿಯಾದ ಕಾರಣ ಗೊತ್ತಿದ್ದದ್ದು ಒಬ್ಬಳಿಗೇ, ಅವನ ಹೆಂಡತಿಗೆ. ಅವಳು ಬಹಳ ದಿನ ಬಾಯಿ ಬಿಡಲಿಲ್ಲ.

ಲಸಿಕೆ ಇಡುವ ಕೋಣೆ ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಕಿಟಕಿ ಇಲ್ಲದ ಕೋಣೆ. ಎರಡು ಫ್ರಿಜ್ಜು, ಒಂದು ಫ್ರೀಜರು, ಒಂದು ಕಲ್ಲಿನ ಕಟ್ಟೆ. ಬೆಳಿಗ್ಗೆ ಆರಕ್ಕೆ ಅವನು ಬೀಗ ತೆಗೆದು, ಫ್ರೀಜರಿನಿಂದ ಐಸ್ ಪ್ಯಾಕುಗಳನ್ನು ತೆಗೆದು, ಕಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಸಾಲಾಗಿ ಮಲಗಿಸುತ್ತಿದ್ದ. ಆಮೇಲೆ ಸುಮ್ಮನೆ ಕೂತು ಕಾಯುತ್ತಿದ್ದ. ಹೊಸಬರಾದರೆ ಐಸನ್ನು ತೆಗೆದ ಕೂಡಲೇ ಪೆಟ್ಟಿಗೆಗೆ ತುಂಬಿ ಓಡುತ್ತಾರೆ. ಕಲ್ಲಿನಂಥ ಐಸು ತಾಗಿದರೆ ಲಸಿಕೆಯೂ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಲಸಿಕೆ ಕೆಟ್ಟ ಲಸಿಕೆ. ಸೀಸೆಯನ್ನು ಎಷ್ಟು ತಿರುಗಿಸಿ ನೋಡಿದರೂ ಕೆಟ್ಟಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಐಸು ಮೊದಲು ಬೆವರಬೇಕು. ಬೆವರಿದ ಮೇಲೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರಿನ ಸದ್ದು ಕೇಳಿದರೆ ಸರಿ. ಆ ಸದ್ದು ಬಂದಾಗ ಅವನು ತನ್ನಷ್ಟಕ್ಕೆ, "ಹದ ಬಂತು" ಎನ್ನುತ್ತಿದ್ದ. ಬಟ್ಟೆಯಿಂದ ಒರೆಸಿ ಪೆಟ್ಟಿಗೆಯ ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದ.

ಅದು ಮನೆಯಲ್ಲೂ ಚಟವಾಗಿ ಅಂಟಿಕೊಂಡಿತ್ತು. ಹಾಲಿನ ಪಾತ್ರೆ, ಎಣ್ಣೆ ಡಬ್ಬಿ, ಅವನ ಅಮ್ಮನ ಮಾತ್ರೆಯ ಸೀಸೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಅವನ ಅಮ್ಮ ಹೇಳುತ್ತಿದ್ದಳು, "ಹೆಂಡತೀನೂ ಹಿಂಗೇ ಅಲ್ಲಾಡಿಸಿ ನೋಡಿ ಮದುವೆ ಆದೆಯೇನೋ?"

"ಹೂಂ ಕಣಮ್ಮ. ಸದ್ದು ಜಾಸ್ತೀನೇ ಬಂತು. ಆದ್ರೂ ತಂದೆ."

ಹೆಂಡತಿ ಸಿಕ್ಕಿದ್ದು ಅಲ್ಲೇ. ಲಸಿಕೆ ಕೋಣೆಯ ಪಕ್ಕಕ್ಕೆ ಆಸ್ಪತ್ರೆಯ ಲಾಂಡ್ರಿ. ಅವಳು ಅಲ್ಲಿ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡುತ್ತಿದ್ದಳು. ಹರಿದದ್ದಕ್ಕೆ ಹೊಲಿಗೆ ಹಾಕುತ್ತಿದ್ದಳು. ಓದಿದ್ದು ನಾಲ್ಕನೇ ಕ್ಲಾಸು. ಕೈ ಮಾತ್ರ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳ ಕೋಣೆಯಲ್ಲಿ ಬೇಸಿಗೆಯಿಡೀ ಬೆಂಕಿ, ಅವನ ಕೋಣೆಯಲ್ಲಿ ವರ್ಷವಿಡೀ ಚಳಿ. ಐಸು ಬೆವರುವ ತನಕ ಅವನು ಅವಳ ಬಾಗಿಲಲ್ಲಿ ಕೈ ಕಾಸಿಕೊಳ್ಳುವ ನೆಪದಲ್ಲಿ ನಿಲ್ಲುತ್ತಿದ್ದ. ಅವರಿಬ್ಬರ ಮಾತುಕತೆಯೆಲ್ಲ ಆ ಅರ್ಧ ಗಂಟೆಯಲ್ಲೇ ಮುಗಿಯಬೇಕು. ಒಂದು ವರ್ಷ ಹಾಗೆ ಅರ್ಧರ್ಧ ಗಂಟೆ ಮಾತಾಡಿ ಮದುವೆಯಾದರು.

ಮೊದಲ ಬಸಿರು ನಾಲ್ಕನೇ ತಿಂಗಳಿಗೆ ಹೋಯಿತು. ಎರಡನೆಯದು ಏಳಕ್ಕೆ. ಗಂಡು. ಅಳಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟರು. ಐಸಣ್ಣನೇ ಎತ್ತಿಕೊಂಡು ಹೋದ, ಒಬ್ಬನೇ ಬಂದ. ಆ ದಿನವೂ ಐದು ಕೇಂದ್ರಕ್ಕೆ ಪೆಟ್ಟಿಗೆ ಮುಟ್ಟಿಸಿದ. ಅದಕ್ಕೆ ಅವಳು ಎರಡು ತಿಂಗಳು ಅವನ ಮುಖ ನೋಡಲಿಲ್ಲ. ಆಮೇಲೆ ಗೊತ್ತಾಯಿತು, ಮನೆಗೆ ಬರಲು ಹೆದರಿ ಕೆಲಸಕ್ಕೆ ಹೋಗಿದ್ದ ಅಂತ.

ಮೂರನೆಯ ಬಸಿರು ನಿಂತಾಗ ಮದುವೆಯಾಗಿ ಒಂಬತ್ತು ವರ್ಷ. ಅಷ್ಟರಲ್ಲಿ ಕೊರೊನಾ ಬಂದು ವರ್ಷ ಆಗುತ್ತ ಬಂದಿತ್ತು. ಅವಳು ಲಾಂಡ್ರಿ ಬಿಟ್ಟಳು. ಹೊಸಿಲು ದಾಟಲಿಲ್ಲ. ಅತ್ತೆ ಅವಳ ಕೈಗೆ ನೀರಿನ ಬಿಂದಿಗೆಯನ್ನೂ ಕೊಡಲಿಲ್ಲ. ಐಸಣ್ಣ ಹೊರಗಿನ ನಲ್ಲಿಯಲ್ಲೇ ಮೈ ತೊಳೆದು, ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆ ಹಾಕಿ ಒಳಗೆ ಬರುತ್ತಿದ್ದ.

ಎರಡನೇ ತಿಂಗಳು ನಡೆಯುವಾಗ ಕೊರೊನಾ ಲಸಿಕೆ ಬಂತು. ಮೊದಲು ಆಸ್ಪತ್ರೆಯವರಿಗೆ ಎಂದರು. ಆ ಸಂಜೆ ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತ ಹೇಳಿದ, "ನಾಳೆ ನಮಗೆಲ್ಲ ಹಾಕ್ತಾರೆ. ಪಟ್ಟೀಲಿ ನಾನು ಮೂರನೆಯವನು. ಡಾಕ್ಟರಿಗಿಂತ ಮುಂದೆ."

"ನನಗೆ?"

"ನಿನಗೆ ಈಗ ಇಲ್ಲ. ಬಸುರಿಯರಿಗೆ ಸದ್ಯಕ್ಕೆ ಬೇಡ ಅಂತ ಕಾಗದ ಬಂದಿದೆ."

"ಯಾಕೆ ಬೇಡ?"

"ಬಸುರಿಯರಿಗೆ ಹಾಕಿ ಇನ್ನೂ ನೋಡಿಲ್ಲ. ನೋಡಿದ ಮೇಲೆ ಕೊಡ್ತಾರೆ."

ಅವಳು ಮಡಿಸುತ್ತಿದ್ದ ಟವೆಲನ್ನು ಕೆಳಗಿಟ್ಟಳು. "ಹೊಟ್ಟೆಗೆ ಬೇಡದ್ದನ್ನ ನೀವು ಮೈಯೊಳಗೆ ತುಂಬಿಸ್ಕೊಂಡು ಬಂದು ನನ್ನ ಪಕ್ಕ ಮಲಗ್ತೀರಾ?"

ಅವನು ನಕ್ಕ. "ಅದು ಹಂಗೆಲ್ಲ ಅಂಟೋದಲ್ಲ ಕಣೇ. ಗೋಡೆ ಬಣ್ಣವಾ ಅದು?"

"ಹೊಟ್ಟೇಲಿರೋದಕ್ಕೆ ತಾಗಿದ್ರೆ ನಿಮಗೆ ಗೊತ್ತಾಗುತ್ತಾ? ಕೆಟ್ಟಿರೋದು ಕಣ್ಣಿಗೆ ಕಾಣಲ್ಲ ಅಂತ ನೀವೇ ಅಲ್ವಾ ಹೇಳೋದು?"

ಅದಕ್ಕೆ ಅವನ ಹತ್ತಿರ ಉತ್ತರ ಇತ್ತು. ಹನ್ನೊಂದು ವರ್ಷ ಕೇಂದ್ರಗಳಿಗೆ ಬಂದ ಹೆಂಗಸರ ಹೆದರಿಕೆಗೆ ಉತ್ತರ ಹೇಳಿದವನು. ಬಾಯಿ ತೆಗೆದ. ಅವಳು ಅವನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು. ಬಾಯಿ ಮುಚ್ಚಿದ.

"ಇದೊಂದು ಉಳೀಲಿ. ಮಗು ಕೈಗೆ ಬರೋ ತನಕ ನೀವೂ ಹಾಕಿಸ್ಕೋಬೇಡಿ. ಮಾತು ಕೊಡಿ."

"ಮಾತು ಕೊಟ್ಟೆ."

"ಯಾರಿಗೂ ಹೇಳಕೂಡದು. ನಿಮ್ಮಮ್ಮನಿಗೂ. ಎಲ್ಲ ಸೇರಿ ನನ್ನನ್ನ ಹುಚ್ಚಿ ಅಂತಾರೆ."

"ಹೇಳಲ್ಲ ಬಿಡೇ."

ಇಷ್ಟೇ. ಲೋಟದಲ್ಲಿದ್ದ ಚಹಾ ಇನ್ನೂ ಆರಿರಲಿಲ್ಲ.

ಮಾರನೆಯ ದಿನ ಅವನು ನೆಗಡಿ ಎಂದ. ಆಮೇಲೆ, ಬೈಕು ಓಡಿಸಬೇಕು, ತೋಳು ನೋಯುತ್ತೆ ಎಂದ. ಲಸಿಕೆ ಹಾಕುವ ಸಿಸ್ಟರ್ ಅವನಿಗೆ ಅಕ್ಕನಂತೆ ಇದ್ದವಳು. ಹದಿನೈದು ದಿನಕ್ಕೊಮ್ಮೆ ಪಟ್ಟಿ ಹಿಡಿದು ಬೆನ್ನು ಹತ್ತುತ್ತಿದ್ದಳು.

"ಊರಿಗೆಲ್ಲ ಹೊತ್ತು ತಂದು ಕೊಡ್ತೀಯ. ನಿನ್ನ ತೋಳು ಏನು, ಪೂಜೆಗೆ ಇಟ್ಟಿದೀಯಾ?"

"ಹೊರೋ ತೋಳು ಸಿಸ್ಟರ್. ಅದಕ್ಕೆ ತೂತು ಬೀಳಬಾರದು."

"ಐಸು ಹೊತ್ತೂ ಹೊತ್ತೂ ನಿನ್ನ ತಲೇನೂ ಹೆಪ್ಪುಗಟ್ಟಿದೆ."

ಅವನು ನಗುತ್ತ ಬೈಕು ಹತ್ತುತ್ತಿದ್ದ. ಹೆದರುಪುಕ್ಕಲ ಎಂದು ಲಾಂಡ್ರಿಯವರು, ಆಂಬುಲೆನ್ಸಿನವರು ಎಲ್ಲ ರೇಗಿಸಿದರು. ಸೂಜಿ ಕಂಡರೆ ಚಡ್ಡಿ ಒದ್ದೆ ಎಂದರು. ಅದನ್ನೂ ಮನೆಗೆ ಬಂದು ಹೇಳಿ ನಗಿಸುತ್ತಿದ್ದ. ಅವಳು ನಗುತ್ತಿದ್ದಳು. ಹೊಟ್ಟೆ ಮುಂದೆ ಬಂದಂತೆ ಅವನು ದಿನಾ ಸಂಜೆ ಅದಕ್ಕೆ ಕಿವಿ ಇಟ್ಟು ಕೇಳಿ, "ಹದ ಬಂತು" ಎನ್ನುತ್ತಿದ್ದ.

ಏಳನೇ ತಿಂಗಳಿಗೆ ಕಾಲಿಟ್ಟಾಗ ಸಿಸ್ಟರ್ ತಾನೇ ಮನೆಗೆ ಬಂದಳು. ಕೈಯಲ್ಲಿ ಹೊಸ ಕಾಗದ. ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕೂತಳು.

"ಈಗ ಬಸುರಿಯರಿಗೂ ಕೊಡಬಹುದು ಅಂತ ಬಂದಿದೆ ಕಣಮ್ಮ. ಆಗ ನೋಡಿರಲಿಲ್ಲ, ಈಗ ಸಾವಿರಾರು ಬಸುರಿಯರಿಗೆ ಹಾಕಿ ನೋಡಿದ್ದಾರೆ. ಮಗೂಗೆ ಏನೂ ಆಗಿಲ್ಲ. ಕೊರೊನಾ ಬಂದ್ರೇನೇ ಕಷ್ಟ. ಬಸುರಿಯರಿಗೆ ಉಸಿರು ಬೇಗ ಕಟ್ಟುತ್ತೆ, ದಿನ ತುಂಬೋ ಮುಂಚೇನೇ ಹೆರಿಗೆ ಆಗಿಬಿಡುತ್ತೆ. ನಾಳೆ ಬಾ."

"ಇದು ಏಳು, ಸಿಸ್ಟರ್. ಹೋದ ಸಲ ಹೋಗಿದ್ದೂ ಏಳಕ್ಕೇ. ಈ ತಿಂಗಳು ದಾಟಲಿ."

"ದಾಟಲಿ ಅಂತಾನೇ ಹೇಳ್ತಿರೋದು."

ಅತ್ತೆ ಒಳಗಿನಿಂದ ಬಂದಳು. "ಬಲವಂತ ಬೇಡ ಸಿಸ್ಟರ್. ಎರಡು ಕಳ್ಕೊಂಡಿದೆ ಹುಡುಗಿ. ಮನೆ ಬಿಟ್ಟು ಕದಲಲ್ಲ, ಅವಳಿಗೆ ಎಲ್ಲಿಂದ ಬರುತ್ತೆ?"

ಎಲ್ಲಿಂದ ಬರುತ್ತೆ ಎನ್ನುವುದಕ್ಕೆ ಉತ್ತರ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿತ್ತು. ಯಾರೂ ಅವನ ಕಡೆ ನೋಡಲಿಲ್ಲ. ಐಸಣ್ಣ ಒಂದೇ ಸಲ ಬಾಯಿ ಹಾಕಿದ. "ಹಾಕಿಸ್ಕೋ ಕಣೇ. ನಾನೇ ತಂದ ಪೆಟ್ಟಿಗೆಯಿಂದ ಹಾಕಿಸ್ತೀನಿ. ನನ್ನ ಐಸು ಇವತ್ತಿನ ತನಕ ಒಂದು ಸೀಸೆ ಕೆಡಿಸಿಲ್ಲ."

"ಬರೋ ತಿಂಗಳು," ಎಂದಳು.

ಅವನು ಇನ್ನೊಂದು ಮಾತು ಆಡಿದ್ದರೆ ಒಪ್ಪುತ್ತಿದ್ದಳೇನೋ. ಒಪ್ಪದೆಯೂ ಇರುತ್ತಿದ್ದಳೇನೋ. ಅದು ಅವಳಿಗೂ ಗೊತ್ತಿಲ್ಲ. ಆಮೇಲೆ ಎಷ್ಟೋ ಸಲ ಆ ಮೆಟ್ಟಿಲ ಮೇಲೆ ಕೂತು ಯೋಚಿಸಿದ್ದಾಳೆ.

ಒಂಬತ್ತನೇ ದಿನ ಅವನಿಗೆ ಮೈ ಬಿಸಿಯಾಯಿತು. ಹೊರಗಿನ ಜಗಲಿಗೆ ಹಾಸಿಗೆ ಹಾಕಿಕೊಂಡ. ತಟ್ಟೆ, ಲೋಟ ಬೇರೆ ಮಾಡಿಕೊಂಡ. ಕಿಟಕಿಯ ಆಚೆಯಿಂದಲೇ ಮಾತು. ಮೂರನೇ ದಿನಕ್ಕೆ ಅವಳಿಗೂ ಕೆಮ್ಮು ಹತ್ತಿತು. ಇಬ್ಬರನ್ನೂ ಒಂದೇ ಆಂಬುಲೆನ್ಸಿನಲ್ಲಿ ಕೂರಿಸಿದರು. ಡ್ರೈವರು ಅವನನ್ನು ಹೆದರುಪುಕ್ಕಲ ಎಂದು ರೇಗಿಸಿದವನೇ. ಆ ದಿನ ತೋಳು ಹಿಡಿದು ಹತ್ತಿಸಿದ. ದಾರಿಯುದ್ದಕ್ಕೂ ಐಸಣ್ಣ ಅವಳ ಕೈ ಹಿಡಿದುಕೊಂಡಿದ್ದ. ಕೆಮ್ಮಿನ ನಡುವೆ ಒಂದು ಮಾತು ಹೇಳಿದ. "ಮಾತು ಕೊಟ್ಟಿದ್ದು ನಾನು. ನೀನು ತಲೇಲಿ ಇಟ್ಕೋಬೇಡ."

ಆಸ್ಪತ್ರೆಯಲ್ಲಿ ಅವನನ್ನು ಮೇಲಿನ ಮಹಡಿಗೆ, ಅವಳನ್ನು ಹೆರಿಗೆ ವಾರ್ಡಿನ ಪಕ್ಕದ ಬೇರೆ ಕೋಣೆಗೆ ಹಾಕಿದರು. ಅವಳು ಮಲಗಿದ ಹಾಸಿಗೆ ಬಟ್ಟೆಯ ಮೂಲೆಯಲ್ಲಿ ನೀಲಿ ದಾರದ ಹೊಲಿಗೆ ಇತ್ತು. ಬಿಳಿ ದಾರ ಮುಗಿದ ದಿನ ಅವಳೇ ಹಾಕಿದ ಹೊಲಿಗೆ. ಆಗ ಮೇಲ್ವಿಚಾರಕಿಯಿಂದ ಬೈಸಿಕೊಂಡಿದ್ದಳು. ಆ ಹೊಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಮಲಗಿದಳು. ಐದನೇ ದಿನ ಉಸಿರು ಎಳೆದರೂ ಒಳಗೆ ಹೋಗದಂತಾಯಿತು. ಡಾಕ್ಟರು ಬಂದು, ಮಗುವನ್ನು ಈಗಲೇ ತೆಗೆಯಬೇಕು, ಇಲ್ಲದಿದ್ದರೆ ಇಬ್ಬರೂ ಉಳಿಯುವುದು ಕಷ್ಟ ಎಂದರು. ಕಾಗದಕ್ಕೆ ಅತ್ತೆ ಹೊರಗೆ ಹೆಬ್ಬೆಟ್ಟು ಒತ್ತಿದಳು.

ಹೆಣ್ಣು. ಒಂದೂವರೆ ಕೆ.ಜಿ. ಅತ್ತಿತು. ಆ ಅಳು ಕೇಳಿದ್ದು ಅವಳಿಗೆ ನೆನಪಿಲ್ಲ. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು.

ಮೇಲಿನ ಮಹಡಿಯಲ್ಲಿ ಐಸಣ್ಣ ಬೋರಲು ಮಲಗಿದ್ದ. ಮುಖದ ತುಂಬ ಆಮ್ಲಜನಕದ ಮುಸುಕು. ಸಿಸ್ಟರ್ ಮೈಗೆಲ್ಲ ಬಿಳಿ ಚೀಲ ತೊಟ್ಟು ಮೇಲೆ ಹತ್ತಿದಳು. ಅದು ಅವಳ ವಾರ್ಡಲ್ಲ, ಕೇಳಿಕೊಂಡು ಹೋದದ್ದು. ಕೆಳಗೆ ಮಗುವಿನ ಹತ್ತಿರ ಇದ್ದ ನರ್ಸಿಗೆ ಫೋನು ಮಾಡಿ, ಫೋನನ್ನು ಅವನ ಕಿವಿಗೆ ಹಿಡಿದಳು. ಮಗು ಆಗ ಅಳುತ್ತಿರಲಿಲ್ಲ. ನರ್ಸು ಅಂಗಾಲಿಗೆ ಸಣ್ಣಗೆ ತಟ್ಟಿದಳಂತೆ. ಬೆಕ್ಕಿನ ಮರಿಯಂತೆ ಎರಡು ಸಲ ಕೂಗಿತು.

"ಅದು ಕೇಳಿ ಎರಡೇ ಮಾತು ಆಡಿದ," ಎಂದು ಸಿಸ್ಟರ್ ಆಮೇಲೆ ಹೇಳಿದಳು. "ಹದ ಬಂತು ಅಂದ. ನನಗೆ ಅರ್ಥ ಆಗಲಿಲ್ಲ. ಐಸಿನ ಭ್ರಮೆ ಅಂದ್ಕೊಂಡೆ."

ಇನ್ನೂ ಒಂದು ಹೇಳಿದಳು. ಫೋನು ಕೆಳಗಿಟ್ಟ ಮೇಲೆ ಸಿಟ್ಟು ತಡೆಯಲಾರದೆ ಕೇಳಿದ್ದಳಂತೆ, ಯಾಕೋ ಹಾಕಿಸಿಕೊಳ್ಳಲಿಲ್ಲ ನೀನು ಅಂತ. "ಮರೆತೆ" ಅಂದನಂತೆ. "ದಿನಾ ಬೆನ್ನಿಗೆ ಕಟ್ಕೊಂಡು ತಿರುಗೋನು ಮರೆತೆ ಅಂತಾನೆ ನೋಡು. ಅವನನ್ನ ಹೊಡೀಬೇಕು ಅನ್ನಿಸ್ತು ನನಗೆ." ಹೇಳುತ್ತ ಹೇಳುತ್ತ ಸಿಸ್ಟರ್ ಅತ್ತಳು. ಹೆಂಡತಿ ಗೋಡೆ ನೋಡುತ್ತ ಕೂತಿದ್ದಳು. ಕೊಟ್ಟ ಮಾತನ್ನು ಅವನು ಆ ಮುಸುಕಿನೊಳಗೂ ಬಿಟ್ಟುಕೊಟ್ಟಿರಲಿಲ್ಲ.

ಮಗು ಹುಟ್ಟಿದ ನಾಲ್ಕನೇ ದಿನ ಅವನು ಹೋದ. ಅವಳಿಗೆ ತಿಳಿಸಿದ್ದು ಆರನೇ ದಿನ. ಅಷ್ಟರಲ್ಲಿ ಎಲ್ಲ ಮುಗಿಸಿಬಿಟ್ಟಿದ್ದರು. ಅವಳು ನೋಡಲಿಲ್ಲ. ಮಗಳನ್ನು ಅವನು ನೋಡಲಿಲ್ಲ.

ನಲವತ್ತೊಂದು ದಿನದ ಮೇಲೆ ಮಗು ಮನೆಗೆ ಬಂತು. ಅತ್ತೆ ಅದನ್ನು ಎದೆಗೆ ಕಟ್ಟಿಕೊಂಡೇ ಇರುತ್ತಿದ್ದಳು. ಒಲೆ ಹಚ್ಚುವಾಗ ಮಾತ್ರ ಕೆಳಗೆ ಮಲಗಿಸುವುದು. ಮಗನಿಗಾಗಿ ಅಳುವುದು ಬಚ್ಚಲಲ್ಲಿ, ನೀರು ಬಿಟ್ಟುಕೊಂಡು. ಸೊಸೆ ಅಳುವುದು ಎಲ್ಲೂ ಇಲ್ಲ. ಅವಳಿಗೆ ಅಳು ಬರಲಿಲ್ಲ.

ಮನೆಯಲ್ಲಿ ದುಡಿಯುವವರು ಬೇಕಲ್ಲ. ಆಸ್ಪತ್ರೆಯವರು ಅವನ ಕೆಲಸವನ್ನು ಅವಳಿಗೇ ಕೊಟ್ಟರು. ಬೈಕು ಬಾರದು ಎಂದಳು. ನಡೆದು ಹೋಗುವಷ್ಟು ಹತ್ತಿರದ ಎರಡು ಕೇಂದ್ರ ಕೊಟ್ಟರು, ಹೆಗಲಿಗೆ ನೇತುಹಾಕುವ ಚಿಕ್ಕ ಪೆಟ್ಟಿಗೆ ಕೊಟ್ಟರು. ಸೇರುವ ಮೊದಲೇ ಸಿಸ್ಟರ್ ಅವಳಿಗೆ ಸೂಜಿ ಹಾಕಿದಳು. "ಹಾಲು ಕುಡಿಸ್ತಿದ್ರೂ ಹಾಕಿಸ್ಕೋಬಹುದು" ಎಂದು ವಿವರಿಸಲು ಹೊರಟಾಗ ಅವಳು, "ಹಾಕಿ ಸಿಸ್ಟರ್" ಎಂದಳು. ಅಷ್ಟು ಸುಲಭ ಅದು. ಇರುವೆ ಕಚ್ಚಿದ ಹಾಗೆ.

ಮೊದಲ ದಿನ ಐಸ್ ಪ್ಯಾಕನ್ನು ಕಿವಿಗೆ ಹಿಡಿದಳು. ಸದ್ದು ಬರಲಿಲ್ಲ. ಕಾದಳು. ಮತ್ತೆ ಹಿಡಿದಳು. ಪಕ್ಕದ ಲಾಂಡ್ರಿಯ ಬಾಗಿಲಲ್ಲಿ ಬೇರೆ ಯಾರೋ ಹುಡುಗಿ ಇಸ್ತ್ರಿ ಮಾಡುತ್ತಿದ್ದಳು. ಆ ಅರ್ಧ ಗಂಟೆ ಎಷ್ಟು ಉದ್ದ ಎನ್ನುವುದು ಅವಳಿಗೆ ಆ ದಿನ ಗೊತ್ತಾಯಿತು. ಇಬ್ಬರಿದ್ದಾಗ ಅದು ಎಂದೂ ಸಾಕಾಗಿರಲಿಲ್ಲ.

ಊರಲ್ಲಿ ಮಾತು ಬೇರೆಯೇ ಓಡುತ್ತಿತ್ತು. ನಲ್ಲಿಯ ಹತ್ತಿರ, ಅಂಗಡಿ ಸಾಲಿನಲ್ಲಿ, ಬಸ್ ಸ್ಟಾಪಿನಲ್ಲಿ. "ಹೊತ್ತು ತರೋನೇ ಹಾಕಿಸ್ಕೊಳ್ಳಲಿಲ್ಲ ನೋಡಿ. ಒಳಗಿನ ಗುಟ್ಟು ಒಳಗಿದ್ದೋರಿಗೇ ಗೊತ್ತು." ಅವನು ರೋಗದಿಂದ ಸತ್ತದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಅವನು ಸೂಜಿಗೆ ತೋಳು ಕೊಡಲಿಲ್ಲ ಎನ್ನುವುದೊಂದೇ ಉಳಿಯಿತು. ಹನ್ನೊಂದು ವರ್ಷ ಅವನು ಯಾವ ಮಾತನ್ನು ಹೊಡೆದೋಡಿಸುತ್ತ ಬೈಕು ಓಡಿಸಿದ್ದನೋ, ಆ ಮಾತಿಗೆ ಅವನ ಸಾವೇ ಸಾಕ್ಷಿಯಾಗಿ ನಿಂತಿತು.

ಅತ್ತೆಯ ಮಾತು ಇನ್ನೊಂದು. ಮಗ ಹೆದರುಪುಕ್ಕಲ ಎಂದು ಅವಳು ಒಪ್ಪುವವಳಲ್ಲ. "ದೊಡ್ಡೋರಿಗೆಲ್ಲ ಹಾಕಿ, ಹೊರೋನಿಗೆ ಉಳಿಸಲಿಲ್ಲ ನೀವು," ಎಂದು ಸಿಸ್ಟರನ್ನು ರಸ್ತೆಯಲ್ಲಿ ನಿಲ್ಲಿಸಿ ಬೈದಳು. ಸಿಸ್ಟರ್ ತಲೆ ತಗ್ಗಿಸಿ ಬೈಸಿಕೊಂಡಳು. ಅವನೇ ತಪ್ಪಿಸಿಕೊಂಡ ಎಂದು ಹೆತ್ತವಳ ಮುಂದೆ ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಪಕ್ಕದಲ್ಲೇ ಪೆಟ್ಟಿಗೆ ನೇತುಹಾಕಿಕೊಂಡು ನಿಂತ ಸೊಸೆ ಅದನ್ನೂ ಕೇಳಿಸಿಕೊಂಡಳು. ನಿಜ ಹೇಳಿದರೆ ಅತ್ತೆಯ ಮುಖವನ್ನು ಮತ್ತೆ ಹೇಗೆ ನೋಡುವುದು? ಮಗುವನ್ನು ಹಗಲಿಡೀ ಯಾರ ಕೈಗೆ ಬಿಟ್ಟು ಕೆಲಸಕ್ಕೆ ಹೋಗುವುದು? ಪೆಟ್ಟಿಗೆಯ ಪಟ್ಟಿ ಸರಿಮಾಡಿಕೊಂಡು ಕೇಂದ್ರದ ಕಡೆ ನಡೆದಳು.

ಆಮೇಲೆ ಶಾಲೆಯ ಕೊಠಡಿಯಲ್ಲಿ ಬಸುರಿಯರಿಗೆಂದೇ ಒಂದು ದಿನ ಇಟ್ಟರು. ಅದೇ ದಿನ ಚಿಕ್ಕ ಮಕ್ಕಳ ಸೂಜಿಯೂ ಇತ್ತು. ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಬಂದು ಮಕ್ಕಳ ಗಿಡ್ಡ ಬೆಂಚಿನ ಮೇಲೆ, ಮೊಣಕಾಲು ಎದೆಗೆ ಬರುವಂತೆ ಕೂತಿದ್ದಳು. ಸೊಸೆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ನಿಂತಳು. ಸಿಸ್ಟರ್ ಹನ್ನೊಂದು ಜನರನ್ನು ಕರೆದಿದ್ದಳು. ಬಂದವರು ಆರು.

ಐದು ಜನ ಹಾಕಿಸಿಕೊಂಡರು. ಆರನೆಯವಳು ದರ್ಜಿಯ ಸೊಸೆ. ಆರು ತಿಂಗಳು ತುಂಬಿ ಏಳು ನಡೆಯುತ್ತಿತ್ತು. ಕುರ್ಚಿಯ ತನಕ ಬಂದವಳು ಸೆರಗು ಬಿಗಿಯಾಗಿ ಸುತ್ತಿಕೊಂಡು ನಿಂತುಬಿಟ್ಟಳು.

"ಇವತ್ತು ಬೇಡ ಸಿಸ್ಟರ್. ಹೆರಿಗೆ ಆಗಲಿ."

"ಯಾಕಮ್ಮ, ಏನು ಹೆದರಿಕೆ? ಹೇಳು."

"ಐಸಣ್ಣನೇ ಹಾಕಿಸ್ಕೊಂಡಿರಲಿಲ್ಲವಲ್ಲ. ದಿನಾ ಹೊರೋನಿಗೆ ಗೊತ್ತಿಲ್ದೆ ಇರುತ್ತಾ, ಒಳಗೆ ಏನಿದೆ ಅಂತ? ನಮ್ಮೆಜಮಾನರಿಗೂ ಹೇಳಿಬಿಟ್ಟಿದೀನಿ, ಮಗು ಆಗೋ ತನಕ ನೀವೂ ಹೋಗಬೇಡಿ ಅಂತ."

ಸಿಸ್ಟರ್ ಏನೋ ಹೇಳಲು ಬಾಯಿ ತೆಗೆದಳು. ಬೆಂಚಿನಿಂದ ಅತ್ತೆಯೂ ಬಾಯಿ ತೆಗೆದಳು. "ನನ್ನ ಮಗನಿಗೆ ಇವರು ಉಳಿಸಲಿಲ್ಲ ಕಣಮ್ಮ, ಅವನೇನು..."

"ಉಳಿಸಿದ್ರು," ಎಂದಳು ಸೊಸೆ.

ಅವಳ ಧ್ವನಿ ಅವಳಿಗೇ ಗುರುತು ಸಿಗಲಿಲ್ಲ. ಕೊಠಡಿಯಲ್ಲಿದ್ದವರೆಲ್ಲ ತಿರುಗಿದರು.

"ಉಳಿಸಿದ್ರು. ಪಟ್ಟೀಲಿ ಅವರದು ಮೂರನೇ ಹೆಸರು. ಬೇಡ ಅಂದಿದ್ದು ನಾನು." ದರ್ಜಿಯ ಸೊಸೆಯನ್ನೇ ನೋಡುತ್ತ ಹೇಳಿದಳು. ಬೆಂಚಿನ ಕಡೆ ನೋಡಲಿಲ್ಲ. "ನೀನು ನಿನ್ನ ಗಂಡನಿಗೆ ಹೇಳಿದ ಮಾತನ್ನೇ ನಾನೂ ಹೇಳಿದ್ದೆ. ಹೊಟ್ಟೇಲಿರೋದಕ್ಕೆ ತಾಗುತ್ತೆ, ಮಗು ಕೈಗೆ ಬರೋ ತನಕ ಬೇಡ ಅಂತ. ಮಾತು ತಗೊಂಡೆ. ಅವರು ಹೆದರಲಿಲ್ಲ. ಒಳಗೆ ಏನಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಸಮಾಧಾನಕ್ಕೆ ಸುಮ್ಮನಿದ್ರು. ಅವರಿಗೆ ಬಂತು. ಅವರಿಂದ ನನಗೆ ಬಂತು. ಇದು ಏಳಕ್ಕೇ ಹುಟ್ಟಿ ನಲವತ್ತು ದಿನ ಗಾಜಿನ ಒಳಗೆ ಮಲಗಿತ್ತು. ಹೆಸರು ಕೆಡಿಸಬೇಕು ಅಂದ್ರೆ ನಂದು ಕೆಡಿಸಿ. ಅವರದು ಬೇಡ."

ಗೋಡೆಯ ಮೇಲೆ ಮಕ್ಕಳು ಬಿಡಿಸಿದ ಆನೆ, ನಾಲ್ಕು ಕಾಲೂ ಒಂದೇ ಕಡೆ. ಅವಳು ಅದನ್ನೇ ನೋಡುತ್ತಿದ್ದಳು. ಬೆಂಚು ಕಿರುಗುಟ್ಟಿತು. ಅತ್ತೆ ಎದ್ದಳು. ಮಗುವಿನ ಟೋಪಿಯನ್ನು ಕಿವಿಯ ಮೇಲಕ್ಕೆ ಎಳೆದಳು. ಯಾರ ಕಡೆಗೂ ನೋಡದೆ, ಮಗುವಿನ ಸೂಜಿಯನ್ನೂ ಹಾಕಿಸದೆ ಹೊರಟುಹೋದಳು.

ದರ್ಜಿಯ ಸೊಸೆ ಸೆರಗು ಸಡಿಲಿಸಿ ಕುರ್ಚಿಯಲ್ಲಿ ಕೂತಳು. ತೋಳು ಮುಂದೆ ಚಾಚಿದಳು. "ನಮ್ಮೆಜಮಾನರು ಗೇಟಿನ ಹತ್ತಿರ ನಿಂತಿದ್ದಾರೆ ಸಿಸ್ಟರ್. ಸೀಸೇಲಿ ಉಳಿದಿದ್ರೆ ಅವರಿಗೂ ಹಾಕಿ."

ಉಳಿದಿತ್ತು.

ಆ ಸಂಜೆ ಅವಳು ಸುತ್ತು ದಾರಿ ಹಿಡಿದು ಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಅತ್ತೆ ಮಗುವಿಗೆ ಮೈ ಒರೆಸುತ್ತಿದ್ದಳು. ಮಾತಾಡಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮಾತೆಲ್ಲ ಮಗುವಿನ ಮೂಲಕ ನಡೆಯಿತು. "ನಿಮ್ಮಮ್ಮನಿಗೆ ಹೇಳು ಪುಟ್ಟಿ, ಹಾಲು ಒಲೆ ಮೇಲಿದೆ." "ನಿಮ್ಮಮ್ಮನಿಗೆ ಹೇಳು, ಛತ್ರಿ ಬಾಗಿಲ ಹಿಂದೆ ಇದೆ." ಮಗು ಇಬ್ಬರನ್ನೂ ನೋಡಿ ಬೊಚ್ಚುಬಾಯಿ ಬಿಡುತ್ತಿತ್ತು. ಮೂರನೇ ದಿನ ಮಗುವಿನ ತೊಡೆಯ ಮೇಲೆ ಸೂಜಿಯ ಗುರುತು ಕಂಡಿತು. ಅತ್ತೆ ತಾನೇ ಎತ್ತಿಕೊಂಡು ಹೋಗಿ, ತಾನು ಬೈದ ಸಿಸ್ಟರ್ ಕೈಯಿಂದಲೇ ಹಾಕಿಸಿಕೊಂಡು ಬಂದಿದ್ದಳು. ಸಿಸ್ಟರಿಗೆ ಏನು ಹೇಳಿದಳೋ ಅದನ್ನು ಇಬ್ಬರೂ ಹೇಳಲಿಲ್ಲ.

ಹತ್ತು ದಿನ ಹೀಗೇ ಕಳೆಯಿತು. ಹನ್ನೊಂದನೇ ದಿನ ಬೆಳಿಗ್ಗೆ ಅವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಒಲೆಯ ಮುಂದಿನಿಂದ, ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಮಾತು ಕೇಳಿದಾಗ ಅವನು ಏನಂದ?"

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. "ಮೊದಲು ನಕ್ಕರು ಅತ್ತೆ. ಗೋಡೆ ಬಣ್ಣವಾ ಅಂಟೋಕೆ, ಅಂದ್ರು."

"ಆಮೇಲೆ?"

"ಆಮೇಲೆ ಕೊಟ್ಟರು."

ಅತ್ತೆ ಹಾಲಿನ ಪಾತ್ರೆ ಇಳಿಸಿದಳು. ಅದನ್ನು ಕಿವಿಯ ಹತ್ತಿರ ತಂದು ಒಂದು ಸಲ ಅಲ್ಲಾಡಿಸಿದಳು. ಯಾಕೆ ಹಾಗೆ ಮಾಡಿದೆ ಎಂದು ತನಗೇ ತಿಳಿಯದವಳಂತೆ ಪಾತ್ರೆಯನ್ನು ನೋಡಿ ಕೆಳಗಿಟ್ಟಳು.

"ನನ್ನನ್ನ ಕೇಳಿದ್ರೆ ನಾನೂ ಬೇಡ ಅಂತಾನೇ ಅಂತಿದ್ದೆ," ಎಂದಳು. "ಸಿಸ್ಟರ್ ಬಂದ ದಿನ ನಿನ್ನ ಪರ ನಿಂತೋಳು ನಾನೇ ತಾನೇ. ಹತ್ತು ದಿನದಿಂದ ನಿನ್ನ ಬೈಯೋಣ ಅಂತ ಬಾಯಿ ತೆಗೀತೀನಿ. ಅದು ಬಂದು ಅಡ್ಡ ನಿಲ್ಲುತ್ತೆ."

ಸೊಸೆ ಗೋಡೆಗೆ ಒರಗಿ ಕೂತಳು. ಅಳು ಅವಳಿಗೆ ಆಗ ಬಂತು. ಅತ್ತೆ ಎದ್ದು ಬಂದು ತಲೆ ಸವರಲಿಲ್ಲ, ಸುಮ್ಮನಿರು ಎನ್ನಲಿಲ್ಲ. ಮಗುವನ್ನು ತಂದು ಅವಳ ಮಡಿಲಿಗೆ ಹಾಕಿ, ಲೋಟಕ್ಕೆ ಚಹಾ ಸುರಿದು ಪಕ್ಕಕ್ಕಿಟ್ಟಳು. ತಾನೂ ಒಂದು ಲೋಟ ಹಿಡಿದು ಎದುರಿಗೆ ಕೂತಳು. ಇಬ್ಬರೂ ಕುಡಿದರು.

"ಹೊತ್ತಾಯ್ತು. ಹೊರಡು ಇನ್ನು," ಎಂದಳು ಆಮೇಲೆ. "ಐಸು ಬೆವರಬೇಕಲ್ಲ."

ಆ ದಿನ ಕೋಣೆಯ ಬೀಗ ತೆಗೆಯುವುದು ಅರ್ಧ ಗಂಟೆ ತಡವಾಯಿತು. ಸಿಸ್ಟರ್ ಎರಡು ಸಲ ಬಂದು ಬಾಗಿಲಲ್ಲಿ ಇಣುಕಿ ಹೋದಳು. ಕೇಂದ್ರದಲ್ಲಿ ಜನ ಕಾಯುತ್ತಿದ್ದಾರೆ, ಬೇಗ ತುಂಬು ಎಂದಳು. ಅವಳು ಪ್ಯಾಕುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಮಲಗಿಸಿ, ಸ್ಟೂಲು ಎಳೆದುಕೊಂಡು ಕೂತಳು.

"ಆಗಲ್ಲ ಸಿಸ್ಟರ್," ಎಂದಳು. "ಸದ್ದು ಬರಲಿ."